ಹಲೋ ಮಾವನ ಗುಡುಗುಪೆಟ್ಟಿಗೆ

ಹಲೋ ಮಾವ ಯಾರೊಡನೆ ಮಾತಿಗೆ ತೊಡಗಿದರೂ ಅವರ ಮೊದಲ ವಾಕ್ಯ ಒಂದೇ: “ಹಲೋ, ಕೇಳಿಸ್ತಿದೆಯಾ?” ಎದುರಿನವರು ಮೂಗಿಗೆ ಮೂಗು ತಾಗುವಷ್ಟು ಸನಿಹದಲ್ಲಿರಲಿ, ಬೀದಿಯ ಆಚೆ ಬದಿಯಲ್ಲಿರಲಿ, ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಚಹಾ ಕುಡಿಯುತ್ತಿರಲಿ, ಆ ಪ್ರಶ್ನೆಗೆ “ಹ್ಞೂಂ, ಕೇಳಿಸ್ತಿದೆ” ಎಂಬ ಉತ್ತರ ಬರುವ ತನಕ ಮುಂದಿನ ಮಾತು ಅವರ ಗಂಟಲಿನಿಂದ ಹೊರಡುತ್ತಿರಲಿಲ್ಲ. ಆಯುಷ್ಯದ ಬಹುಭಾಗವನ್ನು ಟೆಲಿಫೋನ್ ಕಂಬಗಳ ತುದಿಯಲ್ಲಿ, ಸೊಂಟಕ್ಕೆ ಬೆಲ್ಟು ಬಿಗಿದು, ಭುಜಕ್ಕೂ ಕಿವಿಗೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಕಳೆದ ಲೈನ್‌ಮನ್ ಅವರು; ನಿವೃತ್ತಿಯಾದಾಗ ಬೆಲ್ಟು, ಏಣಿ, ರಿಸೀವರ್ ಎಲ್ಲವನ್ನೂ ಇಲಾಖೆ ವಾಪಸು ಪಡೆಯಿತು, ಆ ಪ್ರಶ್ನೆಯೊಂದನ್ನು ಕಸಿದುಕೊಳ್ಳುವುದು ಅದಕ್ಕೆ ಸಾಧ್ಯವಾಗಲಿಲ್ಲ. ಒಮ್ಮೆ ಸಾವಿನ ಮನೆಗೆ ಹೋಗಿ, ಗೋಳಾಡುತ್ತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು ಪರಮ ಗಾಂಭೀರ್ಯದಿಂದ “ಹಲೋ, ಕೇಳಿಸ್ತಿದೆಯಾ?” ಎಂದರಂತೆ. ಅಳುತ್ತಿದ್ದವನು ತಂದೆಯ ದೇಹದ ಕಡೆಗೊಮ್ಮೆ ಮಾವನ ಕಡೆಗೊಮ್ಮೆ ನೋಡಿ, ಯಾರನ್ನು ಕೇಳುತ್ತಿದ್ದಾರೆಂದು ತಿಳಿಯದೆ ನಕ್ಕುಬಿಟ್ಟನಂತೆ. ಈ ಹೆಸರು ಅಂದೇ ಬಿತ್ತೋ ಅದಕ್ಕೂ ಮೊದಲೇ ಇತ್ತೋ ಯಾರಿಗೂ ನೆನಪಿಲ್ಲ.

ಅವರ ನಡಿಗೆಯೂ ಅಂಥದ್ದೇ. ಲೋಕದ ಜನ ನೆಲ ನೋಡಿ ನಡೆದರೆ ಮಾವ ಆಕಾಶ ನೋಡಿ ನಡೆಯುವವರು. ತಂತಿಗಳೆಲ್ಲ ನೆಲದೊಳಗೆ ಹೋಗಿ, ಟೆಲಿಫೋನು ಎಲ್ಲರ ಕಿಸೆಗೆ ಬಂದು ಎಷ್ಟೋ ಕಾಲವಾದರೂ, ಕಂಬದಿಂದ ಕಂಬಕ್ಕೆ ಎಲ್ಲಾದರೂ ಒಂದು ತಂತಿ ಸಡಿಲವಾಗಿ ಜೋತುಬಿದ್ದಿದೆಯೇನೋ ಎಂಬ ಕಳವಳದಲ್ಲಿ ಅವರ ಗಲ್ಲ ಸದಾ ಮೇಲಕ್ಕೇ ಎತ್ತಿರುತ್ತಿತ್ತು. ತತ್ಪರಿಣಾಮವಾಗಿ ಅವರು ಬೀಳದ ಮೋರಿ ನಮ್ಮ ಬೀದಿಯಲ್ಲಿ ಇಲ್ಲ. ಮೈಮೇಲೆ ಇಲಾಖೆಯ ಕಾಲದ ಬೂದು ಬಣ್ಣದ ಕೋಟು. ಅದರ ಕಿಸೆಗಳು ಎಷ್ಟೆಂದು ಹೊಲಿದ ದರ್ಜಿಗೂ ಮರೆತುಹೋಗಿರಬೇಕು. ಕಪ್ಪು ಟೇಪು, ಇಕ್ಕಳ, ತಂತಿಯ ತುಂಡುಗಳು, ಒಂದು ಬಿಸ್ಕತ್ತು, ಮತ್ತೆ ತಂತಿಯ ತುಂಡುಗಳು; ಯಾವುದು ಬೇಕಾದರೂ ಕಣ್ಣು ಮುಚ್ಚಿ ತೆಗೆಯುತ್ತಿದ್ದರು, ಬಿಸ್ಕತ್ತೊಂದು ಮಾತ್ರ ಸರಿಯಾದ ಹೊತ್ತಿಗೆ ಸಿಗುತ್ತಿರಲಿಲ್ಲ.

ಇನ್ನೊಂದು ಹಟದ ಅಭ್ಯಾಸವನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಜೋಡಿಸಿದ್ದೆಲ್ಲವನ್ನೂ ಮಾವ ಎಳೆದು ನೋಡುತ್ತಿದ್ದರು. ತಂತಿಯನ್ನು ಎಳೆದು ನೋಡುವುದು ಲೈನ್‌ಮನ್ನನ ಧರ್ಮ, ಒಪ್ಪೋಣ. ಆದರೆ ಇವರು ಬಾಗಿಲ ಚಿಲಕವನ್ನು, ಬ್ಯಾಂಕಿನ ಕೌಂಟರಿನಲ್ಲಿ ದಾರಕ್ಕೆ ಕಟ್ಟಿದ ಪೆನ್ನನ್ನು, ಮಾತಾಡುತ್ತ ನಿಂತವರ ಅಂಗಿಯ ಗುಂಡಿಯನ್ನು ಕೂಡ ಮೆಲ್ಲಗೆ ಜಗ್ಗಿ “ಬಿಗಿ ಇದೆ” ಎಂದು ತೃಪ್ತಿಪಡುವವರು. ಗುಂಡಿ ಕಿತ್ತು ಕೈಗೆ ಬಂದರೆ “ನೋಡಿದ್ರಾ, ನಾನು ನೋಡ್ದಿದ್ರೆ ದಾರೀಲಿ ಬಿದ್ದುಹೋಗ್ತಿತ್ತು” ಎಂದು ಉಪಕಾರ ಮಾಡಿದವರಂತೆ ಅದನ್ನು ನಿಮ್ಮ ಅಂಗೈಗಿಡುತ್ತಿದ್ದರು. ಇಂಥವರನ್ನು ಬೈಯುವುದಾದರೂ ಹೇಗೆ!

ಅವರ ಹೆಂಡತಿ ನೃತ್ಯದ ಶಿಕ್ಷಕಿ. ಊರಿಗೆಲ್ಲ ಅವರು ಟೀಚರಮ್ಮ. ದರ್ಜಿಯ ಅಂಗಡಿಯ ಮೇಲ್ಮಹಡಿಯಲ್ಲಿ, ಮರದ ಹಲಗೆ ಹಾಸಿದ ಉದ್ದನೆಯ ಹಾಲಿನಲ್ಲಿ, ಸಂಜೆ ಹೊತ್ತು ಅವರ ತರಗತಿ. ಶಿಷ್ಯರೆಂದರೆ ಚಿಗುರುಗಾಲಿನ ಮಕ್ಕಳಲ್ಲ. ನಿವೃತ್ತ ನರ್ಸು, ಅಂಚೆ ಕಚೇರಿಯ ಗುಮಾಸ್ತ, ಬೆನ್ನುನೋವಿನ ಗೃಹಿಣಿಯರು, ವೈದ್ಯರು ‘ಸ್ವಲ್ಪ ಮೈ ಅಲ್ಲಾಡಿಸಿ’ ಎಂದು ಗದರಿದ ಮೇಲೆ ನಾಚುತ್ತ ಬಂದ ಗೃಹಸ್ಥರು. ಅಂಥ ಮೈಗಳಿಂದಲೂ ಲಯವನ್ನು ಹೊರಡಿಸುವ ವಿದ್ಯೆ ಟೀಚರಮ್ಮನಿಗೆ ಸಿದ್ಧಿಸಿತ್ತು. ಹಾಲಿನ ನಟ್ಟನಡುವೆ ಅವರು ನಿಲ್ಲುವ ಹಲಗೆ ಸವೆದು ನುಣುಪಾಗಿತ್ತು. ಅಲ್ಲಿ ಬೇರೆ ಯಾರೂ ನಿಲ್ಲುತ್ತಿರಲಿಲ್ಲ.

ವಿಧಿಯ ಕುಚೋದ್ಯವೆಂದರೆ ಇದೇ. ಹಗಲೆಲ್ಲ ‘ಕೇಳಿಸ್ತಿದೆಯಾ’ ಎನ್ನುವವರ ಹೆಂಡತಿಯ ಕಿವಿಯೇ ಮಂದವಾಗುತ್ತ ಬಂತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಹಾಡಿನೊಳಗಿನ ಕೊಳಲು. ಕಿವಿಗೆ ಹಾಕಿಕೊಂಡ ಯಂತ್ರ ಮಾತಿಗೆ ಅಷ್ಟಿಷ್ಟು ಒದಗುತ್ತಿತ್ತು, ಉಳಿದದ್ದನ್ನು ತುಟಿ ನೋಡಿ ತಿಳಿಯುತ್ತಿದ್ದರು. ಸಂಗೀತ ಮಾತ್ರ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂತೆ ಕೇಳಿಸುತ್ತದೆಂದು ತರಗತಿಯಲ್ಲಿ ಆ ಯಂತ್ರವನ್ನು ಕಿವಿಯಿಂದ ತೆಗೆದಿಡುತ್ತಿದ್ದರು. ಶಿಷ್ಯರಿಗೆ ಈ ವಿಷಯ ಗೊತ್ತಿರಲಿಲ್ಲ. ಅವರ ಪಾದಗಳನ್ನು ನೋಡಿಯೇ ಟೀಚರಮ್ಮ ತಾಳ ಹಿಡಿಯುತ್ತಿದ್ದರು, ಸಾಲದ್ದಕ್ಕೆ ಅವರನ್ನೇ ತಿದ್ದುತ್ತಲೂ ಇದ್ದರು.

ಒಂದು ಸಂಜೆ ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸುತ್ತಿದ್ದಾಗ ಕರೆಂಟು ಹೋಯಿತು. ಹಾಡು ನಿಂತಿತು, ಶಿಷ್ಯರು ನಿಂತರು, ಟೀಚರಮ್ಮ ನಿಲ್ಲಲಿಲ್ಲ. ನಿಶ್ಶಬ್ದವಾದ ಹಾಲಿನಲ್ಲಿ ಚಪ್ಪಾಳೆ ತಟ್ಟುತ್ತ, ಎಣಿಸುತ್ತ, ತಾವೊಬ್ಬರೇ ತಿರುಗುತ್ತಲೇ ಇದ್ದರು. ಕಣ್ಣು ತೆರೆದಾಗ ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದು ಕಂಡಿತು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ಮನೆಗೆ ಬಂದವರೇ ಹಾಲಿನ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ರೀ, ಶನಿವಾರ ದರ್ಜಿ ಅಣ್ಣನಿಗೆ ಕೀ ಕೊಟ್ಬಿಡೋಣ. ಸಾಕು” ಎಂದರು.

ಅಂದಿನಿಂದ ಮಾವ “ಹಲೋ, ಕೇಳಿಸ್ತಿದೆಯಾ?” ಎನ್ನುವುದನ್ನು ಬಿಟ್ಟರು. ಹೆಂಡತಿಯ ಹತ್ತಿರ ಮಾತ್ರವಲ್ಲ, ಯಾರ ಹತ್ತಿರವೂ ಇಲ್ಲ. ಬೀದಿಯಲ್ಲಿ ಎದುರಾದರೆ ಬಾಯಿ ತೆರೆದು, ಹಳೆಯ ಮಾತು ತುಟಿಯವರೆಗೆ ಬಂದು, ಅದನ್ನು ನುಂಗಿ ತಲೆಯಾಡಿಸಿ ಹೋಗುತ್ತಿದ್ದರು. ಕಿವಿಯ ಡಾಕ್ಟರರು ಹೇಳಿದ ಒಂದು ಮಾತನ್ನು ಮಾತ್ರ ಅವರು ಒಳಗೊಳಗೇ ಮೆಲುಕು ಹಾಕುತ್ತಿದ್ದರು: ಮೇಲಿನ ಸ್ವರಗಳೆಲ್ಲ ಹೋಗಿವೆ, ಕೆಳಗಿನ ಮಂದ್ರ ಇನ್ನೂ ಉಳಿದಿದೆ, ಎಷ್ಟು ದಿನ ಅಂತ ಹೇಳಕ್ಕಾಗಲ್ಲ.

ಆ ಮಾತನ್ನು ಅವರು ತೆಗೆದುಕೊಂಡು ಹೋದದ್ದು ಭಾಮೈದನ ಬೇಕರಿಗೆ. ಟೀಚರಮ್ಮನ ತಮ್ಮ, ಬ್ರೆಡ್ಡಿನ ಹಿಟ್ಟು ನಾದಿ ನಾದಿ ತೋಳು ಬಲಿತ ಆಸಾಮಿ, ಭಾವನನ್ನು ಕಂಡರೆ ಕಾಲೆಳೆಯದೆ ಬಿಡುವವನಲ್ಲ. ಅವನ ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಚೀಲ ಇಡುವ ಪೀಠವಾಗಿ ಒಂದು ಕಪ್ಪು ಪೆಟ್ಟಿಗೆ ಬಿದ್ದಿತ್ತು. ಅದೊಂದು ಸಬ್‌ವೂಫರ್, ಸಂಗೀತದ ಅತಿ ಮಂದ್ರವನ್ನು ಮಾತ್ರ ನುಡಿಸುವ ಭಾರಿ ಸ್ಪೀಕರು. ಯಾವುದೋ ಸೆಟ್ಟಿನ ಜೊತೆ ಬಂದದ್ದು; ಸೆಟ್ಟಿನ ಆಂಪ್ಲಿಫೈಯರು ಸುಟ್ಟುಹೋದ ಮೇಲೆ ಇದು ಅನಾಥವಾಯಿತು. ಏಕೆಂದರೆ ಅದಕ್ಕೆ ಸ್ವಂತ ಶಕ್ತಿಯಿಲ್ಲ, ಹಿಂದಿನಿಂದ ಇನ್ನೊಂದು ಯಂತ್ರ ತಳ್ಳಿದರೆ ಮಾತ್ರ ಗುಡುಗುವ ಪರಾವಲಂಬಿ.

“ಇದನ್ನ ಹಾಲ್‌ಗೆ ಹಾಕ್ತೀನಿ,” ಎಂದರು ಮಾವ. “ಮರದ ನೆಲ. ಇದು ಗುಡುಗಿದ್ರೆ ಹಲಗೆ ಅದುರುತ್ತೆ. ನಿಮ್ಮಕ್ಕನ ಕಾಲಿಗೆ ತಾಳ ಸಿಗುತ್ತೆ.”

“ಭಾವ, ಹಾಲ್‌ನಲ್ಲಿರೋ ಆಂಪ್ಲಿಫೈಯರಿಗೆ ಎರಡು ಸ್ಪೀಕರು ಎಳೆಯೋದೇ ಕಷ್ಟ. ಇದನ್ನೂ ಹೊರಿಸಿದ್ರೆ ಅದೂ ಗೋವಿಂದ.”

“ಅದಕ್ಕೆ ಯಾಕೆ ಹೊರಿಸ್ಬೇಕು? ಇದರ ಹೊಟ್ಟೆ ಒಳಗೇ ಒಂದು ಆಂಪ್ಲಿಫೈಯರ್ ಇಡ್ತೀನಿ. ಹಾಡಿನ ಸುಳಿವು ಒಂದು ಸಣ್ಣ ತಂತೀಲಿ ಬಂದ್ರೆ ಸಾಕು, ಶಕ್ತಿನ ಗೋಡೆ ಕರೆಂಟಿಂದ ತಾನೇ ತಗೊಳುತ್ತೆ. ತನ್ನ ಕಾಲ ಮೇಲೆ ತಾನು ನಿಲ್ಲುತ್ತೆ.”

“ನೀವು ಟೆಲಿಫೋನಿನೋರು ಭಾವ. ಇದು ಬೇರೆ ವಿದ್ಯೆ.”

“ತಂತಿ ತಂತಿನೇ ಕಣೋ,” ಎಂದರು ಮಾವ. ಇಡೀ ಅನಾಹುತ ಈ ಒಂದು ವಾಕ್ಯದಲ್ಲಿ ಅಡಗಿತ್ತೆಂದು ಆಗ ಯಾರಿಗೂ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಅವರ ಊಟದ ಮೇಜು ಕಾರ್ಖಾನೆಯಾಯಿತು. ಲೋಹದ ತಟ್ಟೆಯೊಂದಕ್ಕೆ ಕೂಡಿಸಿದ ಆಂಪ್ಲಿಫೈಯರನ್ನು ಹಳೇ ಸಾಮಾನಿನ ಅಂಗಡಿಯಿಂದ ಹುಡುಕಿ ತಂದರು. ಪೆಟ್ಟಿಗೆಯ ಬೆನ್ನಿಗೆ ಕಾಗದ ಅಂಟಿಸಿ, ತಟ್ಟೆಯ ಅಳತೆಗೆ ಗೆರೆ ಎಳೆದು, ಗರಗಸದಿಂದ ಚೌಕ ಕೊರೆದರು. ಮರದ ಹೊಟ್ಟು ಉಪ್ಪಿನ ಡಬ್ಬಿಯೊಳಗೂ ಸೇರಿತು. ಗಾಳಿ ಸೋರಿದರೆ ಗುಡುಗು ಹೋಗಿ ಬರೀ ಪುಸ್ಸೆಂಬ ಸದ್ದು ಬರುತ್ತದೆಂದು ಅಂಚಿನ ಸುತ್ತ ಮೆತ್ತನೆಯ ಸ್ಪಂಜಿನ ಪಟ್ಟಿ ಒತ್ತಿದರು. ಒಳಗೆ ಹಳೆಯ ಹಾಸಿಗೆಯ ಹತ್ತಿ ಹರವಿದರು. ಕೊನೆಗೆ ಆಂಪ್ಲಿಫೈಯರಿನಿಂದ ಹೊರಟ ಕೆಂಪು, ಕಪ್ಪು ತಂತಿಗಳೆರಡನ್ನು ಸ್ಪೀಕರಿನ ಬೆನ್ನಿನಲ್ಲಿ ಪ್ಲಸ್ಸು ಮೈನಸ್ಸು ಎಂದು ಗುರುತಿದ್ದ ಎರಡು ನಾಲಗೆಗಳಿಗೆ ಬೆಸುಗೆ ಹಾಕಿ, ಎಳೆದು ನೋಡಿ, “ಬಿಗಿ ಇದೆ” ಎಂದರು. ಟೀಚರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರಿಗೂ ಒಳಗೊಳಗೆ ಆಸೆ ಹುಟ್ಟಿತ್ತು, ಅದೇ ಅವರನ್ನು ಹೆದರಿಸುತ್ತಿತ್ತು.

ಶನಿವಾರ ಮಧ್ಯಾಹ್ನ, ಶಿಷ್ಯರು ಬರುವುದಕ್ಕೆ ಇನ್ನೂ ಹೊತ್ತಿದೆ ಎನ್ನುವಾಗ, ಬೇಕರಿಯವನು ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸಿ ಹಾಲಿನ ಮುಂದಿನ ತುದಿಯಲ್ಲಿ, ಎರಡು ಸ್ಪೀಕರುಗಳ ನಡುವೆ ಇಳಿಸಿದ. ಟೀಚರಮ್ಮ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಪಾದರಕ್ಷೆ ಕಳಚಿ, ತಮ್ಮ ಸವೆದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತರು. ಮಾವ ಮೊದಲು ಪೆಟ್ಟಿಗೆಯ ಗುಂಡಿ ಒತ್ತಿ, ಆಮೇಲೆ ಹಾಡು ಹಾಕಿದರು.

ಪೆಟ್ಟಿಗೆ ಗುಡುಗಿತು! ಅದರ ಮೈಮೇಲೆ ಕೈಯಿಟ್ಟಿದ್ದ ಬೇಕರಿಯವನ ಅಂಗೈ ಜುಮ್ಮೆಂದಿತು. “ಅಬ್ಬಬ್ಬಾ ಭಾವ! ಕುದುರೆ ಕೂಡಿ ಹಾಕಿದೀರೇನ್ರೀ ಒಳಗೆ?” ಎಂದು ಕೂಗಿದ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದ ಮಾವನ ಮುಖ ಅರಳಿತು. ಅರಳಿದ ಮುಖವನ್ನು ಹಾಗೇ ಹೆಂಡತಿಯ ಕಡೆ ತಿರುಗಿಸಿದರು.

ಟೀಚರಮ್ಮನ ಪಾದ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡರು, ಕಾಯ್ದರು, ಹಿಮ್ಮಡಿಯನ್ನು ಹಲಗೆಗೆ ಒತ್ತಿದರು, ಬಗ್ಗಿ ಅಂಗೈಯನ್ನೂ ಊರಿ ನೋಡಿದರು. ಮಾವ ಸದ್ದು ಏರಿಸಿದರು. ಟೀಚರಮ್ಮ ತಲೆಯಾಡಿಸಿದರು. ಇನ್ನೂ ಏರಿಸಿದರು. ಇಲ್ಲ. ಪೆಟ್ಟಿಗೆ ಇಲ್ಲಿ ಕೈಕೆಳಗೆ ಗಡಗಡ ನಡುಗುತ್ತಿದೆ, ಅಲ್ಲಿ ನಾಲ್ಕು ಮಾರು ದೂರದಲ್ಲಿ ನಿಂತವಳಿಗೆ ಏನೂ ಇಲ್ಲ. ಹಾಗಾದರೆ ಅರ್ಥ ಒಂದೇ ಅಲ್ಲವೇ? ಡಾಕ್ಟರರು ಹೇಳಿದ ಆ ಕೊನೆಯ ಮಂದ್ರವೂ ಹೋಗಿದೆ.

“ಅಕ್ಕಾ, ಇಲ್ಲಿ ಬಾ, ಪೆಟ್ಟಿಗೆ ಮುಟ್ಟಿ ನೋಡು,” ಎಂದು ತಮ್ಮ ಕೈಸನ್ನೆ ಮಾಡಿದ.

“ಪೆಟ್ಟಿಗೆ ತಬ್ಕೊಂಡು ಕುಣಿಯಕ್ಕಾಗುತ್ತೇನೋ?” ಎಂದರು ಟೀಚರಮ್ಮ. ನಗುತ್ತ ಹೇಳಲು ಹೋದರು, ನಗು ಬರಲಿಲ್ಲ. ಗಂಡನ ಕಡೆ ನೋಡಿ, “ಬಿಡ್ರೀ. ನೀವು ಮಾಡೋದೆಲ್ಲ ಮಾಡಿದ್ರಿ. ಆರಿಸಿ ಅದನ್ನ. ಕೀ ಕೊಟ್ಟು ಮನೆಗೆ ಹೋಗೋಣ,” ಎಂದರು.

ಮಾವ ಹಾಡನ್ನು ಆರಿಸುವುದನ್ನೂ ಮರೆತು, ಪೆಟ್ಟಿಗೆಯ ಪ್ಲಗ್ಗನ್ನು ಮಾತ್ರ ಗೋಡೆಯಿಂದ ಕಿತ್ತು, ಅದನ್ನು ಕೈಯಲ್ಲಿ ಹಿಡಿದು ಕುಳಿತುಬಿಟ್ಟರು. ಎರಡು ಹಳೆಯ ಸ್ಪೀಕರುಗಳಲ್ಲಿ ಹಾಡು, ಏರಿಸಿಟ್ಟ ಸದ್ದಿನಲ್ಲೇ, ತನ್ನ ಪಾಡಿಗೆ ತಾನು ನಡೆದಿತ್ತು. ಬಾಗಿಲ ಕಡೆ ಹೊರಡಲು ಹೆಜ್ಜೆ ಎತ್ತಿದ ಟೀಚರಮ್ಮ ಎತ್ತಿದ ಹೆಜ್ಜೆಯನ್ನು ಮತ್ತೆ ಅಲ್ಲೇ ಇಟ್ಟರು.

“ಈಗ ಬಂತು.”

“ಏನಕ್ಕಾ ಬಂತು?”

“ಸ್ವಲ್ಪ... ಕಾಲಿಗೆ. ಧಂ ಧಂ ಅಂತ. ಸಣ್ಣಗೆ. ಈಗ ತಾನೇ ಬಂತು.”

ಮಾವ ತಲೆಯೆತ್ತಿದರು. ಪ್ಲಗ್ಗನ್ನು ಗೋಡೆಗೆ ಚುಚ್ಚಿದರು. “ಹೋಯ್ತು,” ಎಂದರು ಟೀಚರಮ್ಮ. ಕಿತ್ತರು. “ಬಂತು.” ಚುಚ್ಚಿದರು. “ಹೋಯ್ತು.” ಹೀಗೆ ಬಂತು, ಹೋಯ್ತು ಎಂದು ದೂರದ ತುದಿಯಿಂದ ಸಹೋದ್ಯೋಗಿ ಕೂಗಿ ಹೇಳುವುದನ್ನು ಕೇಳಿಕೊಂಡೇ ಅಲ್ಲವೇ ಅವರು ಜೀವಮಾನವಿಡೀ ಕೆಟ್ಟ ಲೈನುಗಳನ್ನು ಹುಡುಕಿದ್ದು! ದೋಷ ಕೇಳುವವಳಲ್ಲಿಲ್ಲ, ಲೈನಿನಲ್ಲಿದೆ. ಈ ಪೆಟ್ಟಿಗೆ ನುಡಿದರೆ ಇದ್ದ ಮಂದ್ರವೂ ಅಳಿಸಿಹೋಗುತ್ತಿದೆ, ಸುಮ್ಮನಾದರೆ ಉಳಿಯುತ್ತಿದೆ.

“ಏನ್ ಭಾವ ಇದು? ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತಲ್ಲ,” ಎಂದ ಬೇಕರಿಯವನು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ, ಅಷ್ಟೇ. ಆದರೆ ನಡೆದದ್ದು ಚಾಚೂ ತಪ್ಪದೆ ಅದೇ. ಆ ಸ್ಪೀಕರುಗಳು ಗಾಳಿಯನ್ನು ಮುಂದಕ್ಕೆ ತಳ್ಳುವ ಗಳಿಗೆಯಲ್ಲೇ ಈ ಪೆಟ್ಟಿಗೆ ಹಿಂದಕ್ಕೆ ಸೆಳೆಯುತ್ತಿತ್ತು. ಒಂದು ಕೊಟ್ಟದ್ದನ್ನು ಇನ್ನೊಂದು ಕಸಿದು, ನಡುವೆ ನಿಂತವರ ಪಾಲಿಗೆ ಸೊನ್ನೆ.

ಮಾವ ಇಕ್ಕಳ ತೆಗೆದು ಪೆಟ್ಟಿಗೆಯ ಬೆನ್ನು ಬಿಚ್ಚಿದರು. ಬಿಗಿಯಾಗಿ, ಸುಂದರವಾಗಿ, ಎಳೆದರೆ ಬಾರದಂತೆ ಕೂತಿದ್ದ ತಮ್ಮದೇ ಬೆಸುಗೆಯನ್ನು ದಿಟ್ಟಿಸಿದರು.

“ಕೆಂಪು,” ಎಂದರು.

“ಕೆಂಪಿಗೇನಾಯ್ತು?”

“ಕೆಂಪನ್ನ ಮೈನಸ್ಸಿಗೆ ಹಾಕಿದೀನಿ.”

“ಅಯ್ಯೋ ರಾಮ! ನನ್ನ ವ್ಯಾನಿನ ಬ್ಯಾಟರೀಲೂ ಕೆಂಪೇ ಪ್ಲಸ್ಸು ಭಾವ. ಲೋಕಕ್ಕೆಲ್ಲ ಕೆಂಪು ಪ್ಲಸ್ಸು!”

“ಟೆಲಿಫೋನಿನಲ್ಲಿ ಕೆಂಪು ಮೈನಸ್ಸು ಕಣೋ,” ಎಂದರು ಮಾವ, ತಪ್ಪು ಸಿಕ್ಕ ಸಂತೋಷದಲ್ಲಿ. “ಕೆಲಸಕ್ಕೆ ಸೇರಿದ ಹೊಸದರಲ್ಲೇ ಮೇಸ್ತ್ರಿ ತಲೆ ಮೇಲೆ ಮೊಟಕಿ ಹೇಳಿಕೊಟ್ಟಿದ್ದು. ಕೈ ತಾನಾಗಿ ಹೋಗಿಬಿಟ್ಟಿದೆ.” ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣ ಅದಕ್ಕಿಂತಲೂ ಗಟ್ಟಿ. ಇಡೀ ಲೋಕ ಒಂದು ಕಡೆಯಾದರೂ ಮಾವನ ಬೆರಳುಗಳು ಕಂಬದ ಮೇಲೆ ಕಲಿತ ಪಾಠಕ್ಕೇ ನಿಷ್ಠವಾಗಿದ್ದವು.

ಕೋಟಿನ ಯಾವುದೋ ಕಿಸೆಯಿಂದ ಬೆಸುಗೆಕಡ್ಡಿ ಬಂತು, ಇನ್ನಾವುದರಿಂದಲೋ ಸೀಸದ ಸುರುಳಿ. ಎರಡು ತಂತಿಗಳು ಜಾಗ ಬದಲಾಯಿಸಿದವು. ಎಳೆದು ನೋಡಿದರು. ‘ಬಿಗಿ ಇದೆ’ ಎನ್ನುವ ಧೈರ್ಯ ಈ ಸಲ ಬರಲಿಲ್ಲ. ಬೆನ್ನು ಮುಚ್ಚಿ, ಹಾಡನ್ನು ಮೊದಲಿಂದ ಇಟ್ಟು, ಪ್ಲಗ್ಗನ್ನು ಹಾಕಿ, ಹೆಂಡತಿಯ ಮುಖ ನೋಡಲಾರದೆ ಅವಳ ಪಾದಗಳನ್ನೇ ನೋಡುತ್ತ ಕುಳಿತರು.

ಮೊದಲು ಹೆಬ್ಬೆರಳು ಎದ್ದಿತು. ಆಮೇಲೆ ಹಿಮ್ಮಡಿ ಹಲಗೆಗೆ ಬಡಿಯಿತು. ಸರಿಯಾಗಿ ತಾಳದ ಮೇಲೆ. ಇನ್ನೊಂದು ಪಾದ ಅದಕ್ಕೆ ಉತ್ತರ ಕೊಟ್ಟಿತು. ಟೀಚರಮ್ಮನ ಬಾಯಿಂದ “ಅಯ್ಯಯ್ಯೋ” ಎಂದಷ್ಟೇ ಹೊರಟಿತು. ಎರಡೂ ಕೈಗಳಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ, ಆ ಸವೆದ ಹಲಗೆಯ ಮೇಲೆ ಒಂದು ಸುತ್ತು ತಿರುಗಿದರು. ಬೇಕರಿಯವನಿಗೆ ಹೋದ ಜೀವ ಬಂದಂತಾಗಿ ಗೋಡೆಗೊರಗಿ ಕೂತು, “ಇನ್ನು ನನ್ನ ಮೈದಾ ಚೀಲ ಎಲ್ಲಿಡಲಿ?” ಎಂದು ಯಾರನ್ನೋ ಕೇಳಿದ.

ಅಷ್ಟರಲ್ಲಿ ಕೆಳಗಿನಿಂದ ಹಾಲಿನ ಮಾಲೀಕ ದರ್ಜಿ ಅಣ್ಣ, ಕೊರಳಲ್ಲಿ ಅಳತೆಪಟ್ಟಿ ತೂಗಾಡಿಸಿಕೊಂಡು ಮೆಟ್ಟಿಲು ಹತ್ತಿ ಬಂದ. “ಏನ್ರೀ ಇದು, ಭೂಕಂಪವಾ? ಗುಂಡಿಗಳೆಲ್ಲ ಮೇಜಿನ ಮೇಲೆ ಕುಣೀತಾ ಇವೆ!” ಅವನ ಕಣ್ಣು ಟೀಚರಮ್ಮನ ಮುಷ್ಟಿಯಲ್ಲಿದ್ದ ಬೀಗದ ಕೈ ಮೇಲೆ ಬಿತ್ತು. “ಕೀ ಕೊಡ್ತೀನಿ ಅಂದಿದ್ರಿ?”

ಟೀಚರಮ್ಮ ಅವನ ತುಟಿಯನ್ನು ನೋಡಿ ತಿಳಿದರು. ಕೈಯನ್ನು ಬೆನ್ನ ಹಿಂದೆ ಮರೆಸಿದರು. “ಕೊಡಲ್ಲ, ಅಣ್ಣ,” ಎಂದರು.

ದರ್ಜಿ ಅವರನ್ನು ನೋಡಿದ, ನೆಲದ ಮೇಲೆ ಕೂತ ಮಾವನನ್ನು ನೋಡಿದ, ಏನು ಅರ್ಥವಾಯಿತೋ, “ಸರಿ ಬಿಡಿ, ಗುಂಡಿ ಡಬ್ಬಿಗೆ ಮುಚ್ಚಳ ಹಾಕ್ಕೋತೀನಿ,” ಎಂದು ಇಳಿದು ಹೋದ. ಶಿಷ್ಯರು ಒಬ್ಬೊಬ್ಬರೇ ಬರತೊಡಗಿದ್ದರು. ಟೀಚರಮ್ಮ ಅವರೆಲ್ಲರ ಮುಂದೆ ನಿಂತು, “ನನಗೆ ಕಿವಿ ಕೇಳಿಸಲ್ಲ. ಇವತ್ತಿಂದ ಕಾಲಲ್ಲಿ ಕೇಳಿಸ್ಕೋತೀನಿ. ಯಾರದು ತಾಳ ತಪ್ಪಿದ್ರೂ ಗೊತ್ತಾಗುತ್ತೆ, ಹುಷಾರ್!” ಎಂದು ಗದರಿದರು. ನಿವೃತ್ತ ನರ್ಸು ಮೊದಲು ಚಪ್ಪಾಳೆ ತಟ್ಟಿದವಳು.

ತರಗತಿಗೆ ಮುನ್ನ ಅವರು ಗಂಡನ ಹತ್ತಿರ ಬಂದರು. ಮಾವ ಉಪಕರಣಗಳನ್ನು ಕಿಸೆಗಳಿಗೆ ತುಂಬುತ್ತಿದ್ದರು. ಹೆಂಡತಿಯನ್ನು ಕಂಡು ಬಾಯಿ ತೆರೆದರು, ಮುಚ್ಚಿದರು.

“ಕೇಳ್ರೀ,” ಎಂದರು ಟೀಚರಮ್ಮ. “ಎಷ್ಟು ದಿನ ಆಯ್ತು ನೀವು ಕೇಳಿ. ಕೇಳಿ ನೋಡೋಣ.”

ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಬಲಗಾಲನ್ನೆತ್ತಿ ಹಲಗೆಯ ಮೇಲೆ ಧಂ ಎಂದು ಒಮ್ಮೆ ಬಡಿದು, ಅವಳ ಕಣ್ಣೆದುರಿಗೆ ತುಟಿಗಳನ್ನು ಬಿಡಿಬಿಡಿಯಾಗಿ ಅರಳಿಸಿ, “ಹಲೋ, ಕೇಳಿಸ್ತಿದೆಯಾ?” ಎಂದರು.

“ಕೇಳಿಸ್ತಿದೆ,” ಎಂದರು ಟೀಚರಮ್ಮ. “ಕಿರಿಚಬೇಡಿ.”

ಹಲೋ ಮಾವನಂಥವರು ಲೋಕದಲ್ಲಿ ವಿರಳರೇನಲ್ಲ. ನಮ್ಮ ಗಮನಕ್ಕೆ ಬರುವುದು ವಿರಳ. ಆಯುಷ್ಯವಿಡೀ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟವರು ತಮ್ಮ ಸ್ವಂತದ ಮಾತನ್ನು ಒಂದೇ ಪ್ರಶ್ನೆಗೆ ಇಳಿಸಿಕೊಂಡಿರುತ್ತಾರೆ, ಮತ್ತು ನಾವು ಅದನ್ನು ಚಟವೆಂದು ತಿಳಿದು ನಗುತ್ತೇವೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಕಲೆ ಅವರಿಗೆ ತಿಳಿಯದು. ಆತುರದಲ್ಲಿ ತಂತಿಯನ್ನೂ ತಿರುಗುಮುರುಗಾಗಿ ಜೋಡಿಸಿಯಾರು, ಇದ್ದುದನ್ನೂ ಕಳೆದಾರು. ಆದರೆ ಆಚೆ ತುದಿಯವರು ‘ಬಂತು’ ಎನ್ನುವ ತನಕ ಈಚೆ ತುದಿಯನ್ನು ಬಿಟ್ಟು ಏಳುವವರಲ್ಲ ಅವರು. ನಮ್ಮಲ್ಲಿ ಎಷ್ಟೋ ಜನ ಇನ್ನೂ ಒಬ್ಬರಿಗೊಬ್ಬರು ಕೇಳಿಸುತ್ತಿದ್ದೇವೆಂದರೆ, ಅದು ಇಂಥವರು ಎಲ್ಲೋ ಮಂಡಿಯೂರಿ ಕೂತಿರುವುದರಿಂದ.